ಹುಲಿ–ಕುರಿ ಆಟದ ಒಳಗಣಿತ

ಮಲಪ್ರಭೆಯ ದಂಡೆಯ ಹೊಳೆಮಣ್ಣೂರು ಸೇರಿದ ರೋಣ ಸೀಮೆಯಲ್ಲಿಯೂ ಕರ್ನಾಟಕದ ಉಳಿದೆಡೆಗಳಲ್ಲಿಯೂ ಪರಿಚಿತವಾಗಿರುವ ಹುಲಿ–ಕುರಿ ಆಟವು, ಸರದಿಯಂತೆ ನಡೆಯುವ ಮತ್ತು ಆಡುವ ಇಬ್ಬರಿಗೂ ಬೇರೆ ಬೇರೆ ಪಾತ್ರ, ಬೇರೆ ಬೇರೆ ಶಕ್ತಿಗಳನ್ನು ಕೊಡುವ ಆಟವಾಗಿದೆ. 1986ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ‘ಡ್ರ್ಯಾಗನ್ ಕ್ವೆಸ್ಟ್’ನಂಥ ವಿಡಿಯೊ ಗೇಮ್‌ಗಳಲ್ಲಿಯೂ ಸರದಿ ಮತ್ತು ಪಾತ್ರಗಳೇ ಮುಖ್ಯವಾಗಿದ್ದರೂ, ಅಲ್ಲಿ ಏಟಿನ ಬಲದಲ್ಲಿ ಅದೃಷ್ಟಕ್ಕೂ ಪಾಲಿದೆ, ಇಲ್ಲಿ ಕವಡೆಯೂ ಇಲ್ಲ, ದಾಳವೂ ಇಲ್ಲ. ಹಂಪಿಯ ಗುಡಿಗಳ ಹಾಸುಗಲ್ಲುಗಳಲ್ಲಿ ಕೊರೆದ ಆಟದ ಪಟಗಳು ಇಂದಿಗೂ ಕಾಣಸಿಗುತ್ತವೆ, ಆದರೆ ಅವುಗಳನ್ನು ಯಾರು ಬೇಕಾದರೂ ಆಮೇಲೆ ಕೊರೆದಿರಬಹುದಾದ್ದರಿಂದ ಗುಡಿಯ ಕಾಲವನ್ನೇ ಪಟದ ಕಾಲವೆನ್ನಲಾಗದು.

ಊರಿಂದೂರಿಗೆ ವಾಡಿಕೆ ಬದಲಾಗುತ್ತದೆಯಾದರೂ, ಹೆಚ್ಚು ಬಳಕೆಯಲ್ಲಿರುವ ಪಟದಲ್ಲಿ 23 ಮನೆಗಳಿರುತ್ತವೆ. ಮನೆಯೆಂದರೆ ಗೆರೆಗಳು ಕೂಡುವ ಬಿಂದು. ತುದಿಯಲ್ಲಿ ಒಂದು, ಅಡ್ಡಸಾಲು ಮೂರರಲ್ಲಿ ಆರಾರು, ಬುಡದಲ್ಲಿ ನಾಲ್ಕು. ಹುಲಿಗಳು 3, ಕುರಿಗಳು 15. ಕುರಿಯವನು ಸರದಿಗೊಂದರಂತೆ ಹರಳುಗಳನ್ನೆಲ್ಲ ಇಟ್ಟು ಮುಗಿಸುವವರೆಗೆ ಯಾವ ಕುರಿಯನ್ನೂ ನಡೆಸುವಂತಿಲ್ಲ. ಹುಲಿಯಾದರೋ ಮೊದಲಿನಿಂದಲೇ ನಡೆಯುತ್ತದೆ, ಪಕ್ಕದ ಕುರಿಯ ಆಚೆ ಅದೇ ಗೆರೆಯ ಮನೆ ಖಾಲಿಯಿದ್ದರೆ ಹಾರಿ ತಿನ್ನುತ್ತದೆ. ಹುಲಿಗಳೆಲ್ಲ ಕದಲದಂತಾದರೆ ಕುರಿಯವನು ಗೆದ್ದಂತೆ.

ಹೊಸಬರು ಸಾಮಾನ್ಯವಾಗಿ ಕಡೆಗಣಿಸುವ ಸಂಗತಿಯೆಂದರೆ ಎಲ್ಲ ಮನೆಗಳೂ ಸಮಾನವಲ್ಲ ಎಂಬುದು. ಎರಡು ಗೆರೆಗಳು ಕೊನೆಗೊಳ್ಳುವ ಮೂಲೆಗಳು ಆರು. ಅಲ್ಲಿ ಕುಳಿತ ಕುರಿಯ ಆಚೆಗೆ ಮನೆಯೇ ಇಲ್ಲದ್ದರಿಂದ ಅದನ್ನು ಯಾವ ಹುಲಿಯೂ ಹಾರಲಾರದು. ಮೂಲೆಗಳು ಮೊದಲು ತುಂಬಿದರೆ ಅವುಗಳ ನಡುವಿನ ನಾಲ್ಕು ಅಂಚಿನ ಮನೆಗಳೂ ಸುರಕ್ಷಿತವಾಗುತ್ತವೆ, ಹೀಗೆ ಹುಲಿಗಳು ಅಡ್ಡಬಾರದಿದ್ದರೆ ಹತ್ತು ಕುರಿಗಳು ಒಂದೂ ಸಾಯದೆ ನೆಲೆಯೂರಬಲ್ಲವು. ಆನಂತರದ ಪ್ರತಿಯೊಂದು ಹರಳನ್ನು ಎಡಕ್ಕೂ ಕೆಳಕ್ಕೂ ಕುರಿಯ ಆಸರೆಯಿರುವ ಮನೆಯಲ್ಲಿಡುತ್ತ ಹೋದರೆ, ಗೋಡೆಯ ಕಲ್ಲುಗಳಂತೆ ಸಾಲು ಮೇಲೇರುತ್ತದೆ.

ಆದುದರಿಂದಲೇ ಚತುರ ಹುಲಿ ಆಟಗಾರನು ಆರಂಭದಲ್ಲಿಯೇ ಮೂಲೆಯ ಮನೆಯೊಂದನ್ನು ಹಿಡಿದು ಈ ಕ್ರಮವನ್ನು ಕೆಡಿಸುತ್ತಾನೆ. ಅದು ಅಪಾಯವಿಲ್ಲದ ನಡೆಯೇನೂ ಅಲ್ಲ: ಮೂಲೆಯ ಹುಲಿಗೆ ದಾರಿಗಳು ಎರಡೇ, ಅವುಗಳ ಮೇಲೆ ಎರಡೆರಡರಂತೆ ನಾಲ್ಕು ಕುರಿಗಳು ಕುಳಿತರೆ ಅದು ಕಟ್ಟಿಹೋಗುತ್ತದೆ, ಆದರೆ ಎರಡನೆಯ ಸಾಲಿನ ನಡುಮನೆಯಲ್ಲಿ ಒಂಟಿಯಾಗಿ ನಿಂತ ಹುಲಿಯನ್ನು ಕಟ್ಟಲು ಎಂಟು ಬೇಕು.

ಇದೇ ಬಳಗಕ್ಕೆ ಸೇರಿದ, 4 ಹುಲಿ, 20 ಆಡುಗಳ ನೇಪಾಳದ ‘ಬಾಘ್‌ಚಾಲ್’ ಆಟವನ್ನು ಲಿಮ್ ಮತ್ತು ನೀವರ್ಗೆಲ್ಟ್ ಎಂಬ ಸಂಶೋಧಕರು ಕಂಪ್ಯೂಟರಿನಿಂದ ಬಿಡಿಸಿ, ಇಬ್ಬರೂ ತಪ್ಪಿಲ್ಲದೆ ಆಡಿದರೆ ಅದು ಸಮವಾಗಿಯೇ ಮುಗಿಯುವುದೆಂದು ತೋರಿಸಿದ್ದಾರೆ.

ಹುಲಿ–ಕುರಿ ಆಟದಲ್ಲಿ ಕುರಿಯವನಿಗೆ ನಿಜವಾದ ಕಷ್ಟವು ಹದಿನೈದನೆಯ ಹರಳನ್ನು ಇಟ್ಟ ಬಳಿಕ ಆರಂಭವಾಗುತ್ತದೆ. ಆಗ ಸರದಿ ಬಂದಾಗಲೆಲ್ಲ ಒಂದು ಕುರಿ ನಡೆಯಲೇಬೇಕು, ನಡೆದ ಕುರಿಯ ಹಿಂದೆ ಮನೆಯೊಂದು ಬರಿದಾಗುತ್ತದೆ. ಯಾವ ಕುರಿಯನ್ನು ಮುಂದೊತ್ತಬೇಕೆಂಬುದಕ್ಕಿಂತ ಬರಿದಾಗುವ ಮನೆಯು ಯಾವ ಕುರಿಯ ಬೆನ್ನಿಗಿದೆ, ಆ ಗೆರೆಯ ಎದುರು ತುದಿಯಲ್ಲಿ ಹುಲಿಯುಂಟೇ ಎಂಬುದನ್ನು ಅವನು ಮೊದಲು ನೋಡಬೇಕಾಗುತ್ತದೆ.