ಉಳಿದುದು ಮತ್ತು ಉಳಿಸಿದುದು

ಕನ್ನಡದಲ್ಲಿ ‘ಉಳಿ’ ಎಂಬುದೊಂದು ಧಾತು. ಇದಕ್ಕೆ ‘ಇಸು’ ಪ್ರತ್ಯಯ ಸೇರಿದರೆ ‘ಉಳಿಸು’ ಎಂಬ ಪ್ರೇರಣಾರ್ಥಕ ರೂಪ ಸಿದ್ಧಿಸುತ್ತದೆ. ಮೊದಲನೆಯದರಲ್ಲಿ ಕ್ರಿಯೆ ತಾನಾಗಿಯೇ ನಡೆಯುವುದು. ಎರಡನೆಯದರಲ್ಲಿ ಒಬ್ಬ ಕರ್ತೃ ಮುಂದೆ ನಿಂತು ಅದನ್ನು ನಡೆಸುವನು. ಪ್ರತಿವರ್ಷವೂ ತರಗತಿಯಲ್ಲಿ ಈ ಭೇದವನ್ನು ಕರಿಹಲಗೆಯ ಮೇಲೆ ಬರೆದು ವಿವರಿಸುತ್ತ ಬಂದಿದ್ದೇನೆ. ಆದರೆ ಅದು ಕೇವಲ ವ್ಯಾಕರಣದ ಮಾತಲ್ಲ, ಸಂಸಾರದ ಮಾತೂ ಹೌದೆಂಬುದು ನನಗೆ ಬಹಳ ತಡವಾಗಿ ತಿಳಿಯಿತು. ಮಕ್ಕಳ ಮುಂದಿನ ಬಾಳಿಗಾಗಿ ತಾಯಿತಂದೆಗಳು ಹಣ ಕೂಡಿಡುವ ವಿಚಾರದಲ್ಲಿ, ಖರ್ಚೆಲ್ಲ ಕಳೆದು ಉಳಿದುದು ಬೇರೆ, ಖರ್ಚಿಗೆ ಮೊದಲೇ ಉಳಿಸಿದುದು ಬೇರೆ.

ನನ್ನ ತಾಯಿ ಅಕ್ಷರ ಬಲ್ಲವಳಲ್ಲ. ದಿನವೂ ಜೋಳವನ್ನು ಬೀಸುವುದಕ್ಕೆ ತೆಗೆಯುವ ಮುನ್ನ ಒಂದು ಹಿಡಿಯನ್ನು ಮೂಲೆಯ ಗಡಿಗೆಗೆ ಹಾಕುವಳು. ಅಡಿಗೆಯಾದ ಮೇಲೆ ಮಿಕ್ಕಿದ್ದನ್ನಲ್ಲ, ಮೊದಲಿನ ಹಿಡಿಯನ್ನು. ಮಳೆ ಕೈಕೊಟ್ಟ ವರ್ಷದಲ್ಲಿಯೂ ಹಿಡಿ ಚಿಕ್ಕದಾಯಿತೇ ಹೊರತು ನಿಲ್ಲಲಿಲ್ಲ. ನನ್ನ ವಿದ್ವತ್ ಪರೀಕ್ಷೆಯ ಶುಲ್ಕವನ್ನು ಕಟ್ಟಿದ್ದು ಆ ಗಡಿಗೆಯ ಜೋಳವನ್ನು ಮಾರಿದ ಹಣದಿಂದ. ‘ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ’ ಎಂಬ ಗಾದೆಯನ್ನು ಆಕೆ ಎಂದೂ ಆಡಿದ್ದು ನೆನಪಿಲ್ಲ, ಆಡದೆ ಮಾಡಿದಳು.

ನಾನಾದರೋ ಗಾದೆಯನ್ನು ಮಕ್ಕಳಿಗೆ ವಿಸ್ತರಿಸಿ ಬರೆಯಲು ಕೊಟ್ಟೆನು, ಆಚರಿಸಲಿಲ್ಲ. ಸಂಬಳ ಬಂದಾಗ ಖರ್ಚು ಮೊದಲು, ಉಳಿದರೆ ಉಳಿತಾಯ ಎಂಬ ಕ್ರಮ ನನ್ನದು. ಮಗಳ ಮದುವೆಗೆಂದು ಊರಿನ ಒಂದು ಖಾಸಗಿ ಚೀಟಿಯಲ್ಲಿ ಸೇರಿದ್ದೆ. ಅದು ನೋಂದಣಿಯಾದುದೋ ಅಲ್ಲವೋ ಎಂದು ವಿಚಾರಿಸುವ ವ್ಯವಧಾನ ನನಗಿರಲಿಲ್ಲ. ನಡೆಸುತ್ತಿದ್ದವನು ಒಂದು ದಿನ ಊರು ಬಿಟ್ಟನು. ಮಗಳು ಪಿ.ಯು.ಸಿ. ಮುಗಿಸಿ ಮುಂದಿನ ವ್ಯಾಸಂಗಕ್ಕೆ ಆಯ್ಕೆಯಾದಾಗ ನನ್ನ ಕೈ ಬರಿದಾಗಿತ್ತು. ಅವಳು ಒಂದು ವರ್ಷ ಮನೆಯಲ್ಲಿ ಕುಳಿತಳು. ಒಂದು ದಿನವಾದರೂ ನನ್ನನ್ನು ದೂರಲಿಲ್ಲ. ಆ ಮೌನವೇ ಈ ಲೇಖನವನ್ನು ಬರೆಯಿಸುತ್ತಿದೆ.

ಮೊದಲನೆಯ ಮಾತು ಕಾಲದ್ದು. ಇದಕ್ಕೆ ಒಂದು ಲೆಕ್ಕವನ್ನು ನೋಡೋಣ. 2015ರ ಜನವರಿಯಲ್ಲಿ ಭಾರತ ಸರ್ಕಾರ ಹೆಣ್ಣುಮಕ್ಕಳಿಗಾಗಿ ಸುಕನ್ಯಾ ಸಮೃದ್ಧಿ ಯೋಜನೆಯನ್ನು ಆರಂಭಿಸಿತು. ಹತ್ತು ವರ್ಷ ತುಂಬದ ಹುಡುಗಿಯ ಹೆಸರಿನಲ್ಲಿ ಅಂಚೆ ಕಚೇರಿಯಲ್ಲಾಗಲಿ ಬ್ಯಾಂಕಿನಲ್ಲಾಗಲಿ ಖಾತೆ ತೆರೆಯಬಹುದು. ವರ್ಷಕ್ಕೆ ಕನಿಷ್ಠ 250 ರೂಪಾಯಿ, ಗರಿಷ್ಠ ಒಂದೂವರೆ ಲಕ್ಷ. ಹಣ ಕಟ್ಟುವುದು 15 ವರ್ಷ. ಖಾತೆ ಪಕ್ವವಾಗುವುದು ತೆರೆದ 21 ವರ್ಷಕ್ಕೆ. ಬಡ್ಡಿಯ ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪ್ರಕಟಿಸುತ್ತದೆ. 2024ರ ಜನವರಿಯಲ್ಲಿ ಅದನ್ನು ಶೇಕಡಾ 8.2ಕ್ಕೆ ಏರಿಸಲಾಯಿತು.

ಲೆಕ್ಕದ ಸೌಕರ್ಯಕ್ಕಾಗಿ ಇದೇ ದರ ಕೊನೆಯವರೆಗೂ ಇರುವುದೆಂದು ಭಾವಿಸೋಣ. ಮಗು ಹುಟ್ಟಿದ ವರ್ಷದಿಂದಲೇ ಒಬ್ಬ ತಂದೆ ವರ್ಷದ ಮೊದಲಲ್ಲಿ 12,000 ರೂಪಾಯಿಯಂತೆ 15 ವರ್ಷ ಕಟ್ಟಿದನು. ಕಟ್ಟಿದ್ದು ಒಟ್ಟು 1,80,000. ಮಗಳಿಗೆ 18 ತುಂಬುವಾಗ ಅದು ಸುಮಾರು ನಾಲ್ಕೂವರೆ ಲಕ್ಷವಾಗಿರುತ್ತದೆ. ಇನ್ನೊಬ್ಬನು ಮಗಳಿಗೆ ಒಂಬತ್ತಾದಾಗ ಎಚ್ಚೆತ್ತು ಅಷ್ಟನ್ನೇ ಕಟ್ಟತೊಡಗಿದನು. ಅವಳ ಹದಿನೆಂಟಕ್ಕೆ ಅವನು ಕಟ್ಟಿದ್ದು 1,08,000. ಆದುದು ಸುಮಾರು 1,63,000. ಮೊದಲಿನವನನ್ನು ಸರಿಗಟ್ಟಬೇಕಾದರೆ ಎರಡನೆಯವನು ವರ್ಷಕ್ಕೆ 33,000ಕ್ಕೂ ಮಿಗಿಲಾಗಿ ಕಟ್ಟಬೇಕು. ಇವರಲ್ಲಿ ಒಬ್ಬನು ಸಿರಿವಂತ, ಇನ್ನೊಬ್ಬನು ಬಡವ ಎಂಬ ಭೇದವಿಲ್ಲ; ಒಬ್ಬನು ಬೇಗ ಬಿತ್ತಿದನು, ಇನ್ನೊಬ್ಬನು ಹದ ತಪ್ಪಿಸಿದನು, ಅಷ್ಟೆ. ಚಕ್ರಬಡ್ಡಿ ಸಾಲಗಾರನಿಗೆ ಶತ್ರು. ತಾಳ್ಮೆಯಿಂದ ಕೂಡಿಡುವವನಿಗೆ ಅದೇ ಆಳುಮಗ.

ಒಂದು ಸಣ್ಣ ಸೂಕ್ಷ್ಮವುಂಟು. ಈ ಖಾತೆಯಲ್ಲಿ ಪ್ರತಿ ತಿಂಗಳು 5ನೆಯ ತಾರೀಖಿನ ತರುವಾಯ ತಿಂಗಳ ಕೊನೆಯವರೆಗೆ ಇದ್ದ ಅತಿ ಕಡಿಮೆ ಮೊತ್ತಕ್ಕೆ ಬಡ್ಡಿ ಬರುತ್ತದೆ. ಆದ್ದರಿಂದ ಸಂಬಳ ಬಂದ ಮೊದಲ ವಾರದಲ್ಲಿಯೇ ಕಟ್ಟುವುದು ಲೇಸು. ಸರ್ಕಾರದ ನಿಯಮವೂ ನನ್ನ ತಾಯಿಯ ನಿಯಮವೂ ಇಲ್ಲಿ ಒಂದೇ ಆಗಿವೆ: ಮೊದಲ ಹಿಡಿ ಗಡಿಗೆಗೆ.

ಗಂಡುಮಕ್ಕಳಿಗೆ ಏನೆಂದು ಕೇಳುವವರುಂಟು. 1968ರಲ್ಲಿ ಬಂದ ಸಾರ್ವಜನಿಕ ಭವಿಷ್ಯನಿಧಿಯ ಖಾತೆಯನ್ನು ಗಂಡಾಗಲಿ ಹೆಣ್ಣಾಗಲಿ ಅಪ್ರಾಪ್ತ ವಯಸ್ಸಿನ ಮಗುವಿನ ಹೆಸರಿನಲ್ಲಿ ಪಾಲಕರು ತೆರೆಯಬಹುದು. ಅದರ ಅವಧಿ 15 ವರ್ಷ. ವರ್ಷಕ್ಕೆ ಕನಿಷ್ಠ 500 ರೂಪಾಯಿ. ತಮ್ಮ ಖಾತೆಗೂ ಮಗುವಿನ ಖಾತೆಗೂ ಸೇರಿ ವರ್ಷಕ್ಕೆ ಒಂದೂವರೆ ಲಕ್ಷವೇ ಮಿತಿಯೆಂಬುದನ್ನು ಮಾತ್ರ ಮರೆಯಬಾರದು.

ಎರಡನೆಯ ಮಾತು ಬೆಲೆಯೇರಿಕೆಯದು. ವರ್ಷಕ್ಕೆ ಶೇಕಡಾ 6ರಂತೆ ಬೆಲೆ ಏರಿದರೆ ಇಂದು ಒಂದು ಲಕ್ಷಕ್ಕೆ ಮುಗಿಯುವ ವಿದ್ಯಾಭ್ಯಾಸಕ್ಕೆ 18 ವರ್ಷಗಳ ಬಳಿಕ ಸುಮಾರು 2,85,000 ಬೇಕಾಗುವುದು. ಪೆಟ್ಟಿಗೆಯಲ್ಲಿಟ್ಟ ನೋಟು ಮಾಸುವುದಿಲ್ಲ, ಆದರೆ ಕ್ಷಯಿಸುತ್ತದೆ. ಆದಕಾರಣ ಸಂಬಳ ಹೆಚ್ಚಿದ ಹಾಗೆಲ್ಲ ಹಿಡಿಯೂ ಹಿಗ್ಗಬೇಕು.

ಮೂರನೆಯದು ರಕ್ಷಣೆ. ಹೆಚ್ಚು ಬಡ್ಡಿಯ ಆಸೆ ತೋರಿಸುವವರೆದುರು ಕ್ಷಣಕಾಲ ನಿಲ್ಲಬೇಕು. ಚೀಟಿ ನಡೆಸುವುದಕ್ಕೆ 1982ರ ಚೀಟಿ ನಿಧಿ ಕಾಯ್ದೆಯುಂಟು. ಅದರಂತೆ ಸರ್ಕಾರದ ಪೂರ್ವಾನುಮತಿಯೂ ನೋಂದಣಿಯೂ ಬೇಕು. ಪತ್ರವನ್ನು ತೋರಿಸೆಂದು ಕೇಳುವುದು ಅವಿಶ್ವಾಸವಲ್ಲ, ವಿವೇಕ. ಆ ಒಂದು ಪ್ರಶ್ನೆಯನ್ನು ನಾನು ಕೇಳಿದ್ದರೆ ನನ್ನ ಮಗಳ ಆ ವರ್ಷ ವ್ಯರ್ಥವಾಗುತ್ತಿರಲಿಲ್ಲ. ಬ್ಯಾಂಕಿನ ಠೇವಣಿಗಾದರೋ 2020ರ ಫೆಬ್ರವರಿಯಿಂದ ಒಂದೊಂದು ಬ್ಯಾಂಕಿನಲ್ಲಿ ಒಬ್ಬನಿಗೆ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆಯ ಆಸರೆಯಿದೆ.

ರಕ್ಷಣೆಯಲ್ಲಿಯೇ ಇನ್ನೊಂದು ಮುಖವುಂಟು. ದುಡಿಯುವ ಕೈಯೇ ನಡುವೆ ಬಿದ್ದುಹೋದರೆ ಗಡಿಗೆಗೆ ಹಿಡಿ ಹಾಕುವವರಾರು? ಅನೇಕರು ಮಗುವಿನ ಹೆಸರಿಗೆ ಜೀವವಿಮೆ ಮಾಡಿಸಿ, ತಾವು ಮಾತ್ರ ವಿಮೆಯಿಲ್ಲದೆ ಇರುತ್ತಾರೆ. ಇದು ಬೇರಿಗೆ ನೀರೆರೆಯದೆ ಎಲೆಗೆ ಚಿಮುಕಿಸಿದಂತೆ. ಸಂಸಾರ ಯಾರ ದುಡಿಮೆಯ ಮೇಲೆ ನಿಂತಿದೆಯೋ ಅವರಿಗೆ ವಿಮೆ ಮೊದಲು. 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯ ಮೇರೆಗೆ ಗಂಡನು ಹೆಂಡತಿ ಮಕ್ಕಳ ಹಿತಕ್ಕಾಗಿ ಪಾಲಿಸಿ ಪಡೆದರೆ, ಅವರಿಗೆ ಸಲ್ಲಬೇಕಾದ ಆ ಹಣದ ಮೇಲೆ ಅವನ ಸಾಲಗಾರರು ಸಾಮಾನ್ಯವಾಗಿ ಕೈಯಿಡಲಾಗದು. ಇಷ್ಟು ಹಳೆಯ ಕಾನೂನನ್ನು ಬಲ್ಲವರು ನಮ್ಮಲ್ಲಿ ವಿರಳ.

ಇನ್ನು ಉದ್ದೇಶದ ಮಾತು. ಇದು ಎಲ್ಲಕ್ಕಿಂತ ಹಿರಿದು. ಮಗನಿಗೆ ಓದಿನ ಹಣ, ಮಗಳಿಗೆ ಮದುವೆಯ ಹಣ ಎಂದು ಎರಡು ಗಂಟು ಕಟ್ಟುವ ರೂಢಿ ನಮ್ಮಲ್ಲಿ ಬೇರೂರಿದೆ. ನನ್ನ ಚೀಟಿಯ ತಪ್ಪಿಗಿಂತ ದೊಡ್ಡ ತಪ್ಪು ಇದೇ ಆಗಿತ್ತು. ಚೀಟಿ ನಡೆಸಿದವನು ಓಡಿಹೋಗದಿದ್ದರೂ ಆ ಹಣವನ್ನು ಮಗಳ ಓದಿಗೆ ಕೊಡಲು ನನ್ನ ಮನಸ್ಸು ಹಿಂದೆಗೆಯುತ್ತಿತ್ತೋ ಏನೋ! ಸುಕನ್ಯಾ ಖಾತೆಯ ನಿಯಮವನ್ನು ಗಮನಿಸಿ: ಹುಡುಗಿಗೆ 18 ತುಂಬಿದ ಮೇಲಾಗಲಿ ಹತ್ತನೆಯ ತರಗತಿ ಮುಗಿದ ಮೇಲಾಗಲಿ, ಹಿಂದಿನ ಆರ್ಥಿಕ ವರ್ಷದ ಕೊನೆಯಲ್ಲಿದ್ದ ಮೊತ್ತದ ಅರ್ಧದವರೆಗೆ ವಿದ್ಯಾಭ್ಯಾಸಕ್ಕೆ ತೆಗೆಯಬಹುದು. ಕರ್ನಾಟಕ ಸರ್ಕಾರ 2006-07ರಲ್ಲಿ ಬಡಕುಟುಂಬಗಳ ಹೆಣ್ಣುಮಕ್ಕಳಿಗೆಂದು ತಂದ ಭಾಗ್ಯಲಕ್ಷ್ಮಿ ಯೋಜನೆಯೂ ಮಗು ಶಾಲೆ ಬಿಡಬಾರದು, ಹದಿನೆಂಟಕ್ಕೆ ಮುನ್ನ ಮದುವೆಯಾಗಬಾರದು ಎಂಬ ಕಟ್ಟಳೆಯನ್ನು ಇಟ್ಟಿತು. ಕೂಡಿಟ್ಟ ಹಣಕ್ಕೂ ಕಲಿಕೆಗೂ ಗಂಟು ಹಾಕಿದ ಈ ಕ್ರಮ ಮೆಚ್ಚತಕ್ಕದ್ದು. ಮದುವೆಯ ಚಪ್ಪರ ಮೂರು ದಿನದ್ದು. ಕಲಿತ ವಿದ್ಯೆ ಬಾಳಿನುದ್ದಕ್ಕೂ ನೆರಳು.

ಅಧ್ಯಾಪಕ ಬಂಧುಗಳಲ್ಲಿ ಒಂದು ಬಿನ್ನಹ. ಹಿಂದೆ ಅನೇಕ ಶಾಲೆಗಳಲ್ಲಿ ‘ಸಂಚಯಿಕಾ’ ಎಂಬ ಮಕ್ಕಳ ಉಳಿತಾಯದ ವ್ಯವಸ್ಥೆಯಿತ್ತು. ನಾಲ್ಕಾಣೆ ಎಂಟಾಣೆಗಳ ಲೆಕ್ಕವನ್ನು ವಿದ್ಯಾರ್ಥಿಗಳೇ ಬರೆಯುತ್ತಿದ್ದರು. ಆ ಪುಸ್ತಕಗಳು ಈಗಿಲ್ಲ. ಆದರೆ ಒಂದನೆಯ ತರಗತಿಗೆ ಮಗುವನ್ನು ಸೇರಿಸಲು ಬಂದ ತಾಯಿಗೆ, ಅರ್ಜಿಯನ್ನು ತುಂಬಿಸುವಾಗ, ‘ಇವಳ ಹೆಸರಿನಲ್ಲಿ ಖಾತೆ ಇದೆಯೇ, ತಾಯೀ?’ ಎಂದು ಕೇಳಲು ಯಾವ ಆದೇಶವೂ ಬೇಕಾಗಿಲ್ಲ. ಆಗ ಮಗುವಿಗೆ ಆರು ವರ್ಷ; ಕಾಲವಿನ್ನೂ ಮೀರಿರುವುದಿಲ್ಲ. ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಈ ಸಂಸ್ಥೆಯ ಬಡಮಕ್ಕಳಲ್ಲಿ ಒಬ್ಬೊಬ್ಬರ ಖಾತೆಯ ಮೊದಲ 250 ರೂಪಾಯಿಯನ್ನು ಕಟ್ಟಿದರೆ, ಮುಂದಿನ ಹಿಡಿಯನ್ನು ತಾಯಿಯರು ನೋಡಿಕೊಂಡಾರು.

ನನ್ನ ಮಗಳು ಮರುವರ್ಷ ಸಾಲ ತೆಗೆದು ಓದಿದಳು, ಈಗ ಉದ್ಯೋಗದಲ್ಲಿದ್ದಾಳೆ. ಕಳೆದ ವರ್ಷ ಅವಳಿಗೆ ಹೆಣ್ಣುಮಗು ಹುಟ್ಟಿತು. ನಾಮಕರಣದ ಮರುವಾರವೇ ಅವಳು ಅಂಚೆ ಕಚೇರಿಗೆ ಹೋಗಿ ಬಂದು ಪುಸ್ತಕವನ್ನು ನನ್ನ ಕೈಗಿತ್ತಳು. ಮೊದಲ ಪುಟದಲ್ಲಿ ಮೊಮ್ಮಗಳ ಹೆಸರಿತ್ತು, ಒಂದು ಸಾವಿರ ರೂಪಾಯಿಯ ಜಮೆಯಿತ್ತು. ‘ಉಳಿಸು’ ಎಂಬ ಕ್ರಿಯಾಪದದ ಅರ್ಥವನ್ನು ನನಗೆ ಅವಳು ತಿಳಿಸಿಕೊಟ್ಟಳು.