ರೋಗಿಯ ಪರವಾಗಿ ಸಹಿ ಯಾರದು?

ಕಾಮರ್ಸ್ ಓದುವ ನಮಗೆ 1872ರ ಕರಾರು ಕಾಯಿದೆ ಬಾಯಿಪಾಠ. ಇಬ್ಬರು ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದರೆ ಅದು ಸಮ್ಮತಿ. ಬುದ್ಧಿ ಸ್ವಾಧೀನದಲ್ಲಿಲ್ಲದವನು ಮಾಡಿದ ಕರಾರು ನಿಲ್ಲೋದಿಲ್ಲ. ಅಂಗಡಿಯ ವ್ಯವಹಾರಕ್ಕೆ ಇಷ್ಟು ಸಾಕು, ಆಸ್ಪತ್ರೆಗೆ ಸಾಲದು. ರೋಗಿಗೆ ಪ್ರಜ್ಞೆಯೇ ಇಲ್ಲದಿದ್ದರೆ ಚಿಕಿತ್ಸೆಗೆ ಒಪ್ಪುವವರು ಯಾರು, ಬೇಡವೆನ್ನುವವರು ಯಾರು? ಈ ಪ್ರಶ್ನೆ ನಮ್ಮ ಮುಂಬಯಿಯಲ್ಲೇ, ಪರೇಲಿನ ಕೆ.ಇ.ಎಂ. ಆಸ್ಪತ್ರೆಯ ಒಂದು ಮಂಚದ ಮೇಲೆ, 41 ವರ್ಷಕ್ಕೂ ಹೆಚ್ಚು ಕಾಲ ಮಲಗಿತ್ತು.

ಅರುಣಾ ಶಾನಭಾಗ ಹೊನ್ನಾವರ ತಾಲೂಕಿನ ಹಳದೀಪುರದವರು. ಕೆ.ಇ.ಎಂ.ನಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರ ಸಂಜೆ ಆಸ್ಪತ್ರೆಯದೇ ಒಬ್ಬ ಸಫಾಯಿ ಕೆಲಸಗಾರ ನಾಯಿಯ ಸರಪಳಿಯನ್ನು ಅವರ ಕುತ್ತಿಗೆಗೆ ಬಿಗಿದು ಅತ್ಯಾಚಾರ ಮಾಡಿದ. ಮಿದುಳಿಗೆ ಆಮ್ಲಜನಕ ಹೋಗದೆ, 25ರ ಹುಡುಗಿ ಮತ್ತೆ ಏಳಲೇ ಇಲ್ಲ. ಅಪರಾಧಿಗೆ ಏಳು ವರ್ಷ ಸಜೆಯಾಯ್ತು, ಅದೂ ಹಲ್ಲೆ ಮತ್ತು ಸುಲಿಗೆಗೆ. ಅತ್ಯಾಚಾರದ ಆರೋಪ ಮೊಕದ್ದಮೆಯಲ್ಲಿ ಬರಲೇ ಇಲ್ಲ.

ಅಲ್ಲಿಂದ ಮುಂದೆ ಅವರನ್ನು ನೋಡಿಕೊಂಡವರು ಆಸ್ಪತ್ರೆಯ ನರ್ಸುಗಳು. ಒಂದು ತಂಡ ನಿವೃತ್ತಿಯಾದರೆ ಇನ್ನೊಂದು. ಅಲುಗಾಡದೆ ಮಲಗಿದವರ ಸೊಂಟ, ಹಿಮ್ಮಡಿಯ ಎಲುಬು ಹಾಸಿಗೆಗೆ ಒತ್ತಿ, ಅಲ್ಲಿ ರಕ್ತ ಓಡದೆ ಚರ್ಮ ಕೊಳೆಯುತ್ತದೆ. ಇದೇ ಹಾಸಿಗೆ ಹುಣ್ಣು. ಇದು ಆಗಬಾರದೆಂದರೆ ಹಗಲೂ ರಾತ್ರಿ, ಗಂಟೆಗಳ ಲೆಕ್ಕದಲ್ಲಿ ಮಗ್ಗುಲು ಬದಲಾಯಿಸುತ್ತಲೇ ಇರಬೇಕು. ಅಷ್ಟು ವರ್ಷಗಳಲ್ಲಿ ಅವರಿಗೆ ಒಂದೂ ಹುಣ್ಣಾಗಲಿಲ್ಲವೆಂಬುದನ್ನು ಸುಪ್ರೀಂ ಕೋರ್ಟೇ ಗುರುತಿಸಿತು. ನಾವು ಕಲಿಯುವ ಯಾವ ಲೆಡ್ಜರಿನಲ್ಲೂ ಇದಕ್ಕೊಂದು ಕಾಲಂ ನನಗೆ ಸಿಕ್ಕಿಲ್ಲ.

2009ರಲ್ಲಿ, ಅರುಣಾ ಬಗ್ಗೆ ಪುಸ್ತಕ ಬರೆದ ಪಿಂಕಿ ವಿರಾನಿ ಅವರು ಸುಪ್ರೀಂ ಕೋರ್ಟಿಗೆ ಹೋದರು. ಇದು ಬದುಕಲ್ಲ, ಆಹಾರ ಕೊಡುವುದನ್ನು ನಿಲ್ಲಿಸಿ, ನೆಮ್ಮದಿಯಾಗಿ ಹೋಗಲಿ ಅಂತ ಅರ್ಜಿ. ಅದನ್ನು ಸಲ್ಲಿಸಿದ್ದು 'ನೆಕ್ಸ್ಟ್ ಫ್ರೆಂಡ್' ಆಗಿ. (ಪಕ್ಕದ ಮನೆಯ ಗೆಳತಿ ಅಂತ ತಿಳೀಬೇಡಿ. ತನ್ನ ಪರ ತಾನೇ ಮಾತಾಡಲಾಗದವರಿಗಾಗಿ ಕೋರ್ಟಿನಲ್ಲಿ ನಿಲ್ಲುವವರು ಎಂದರ್ಥ. ನನ್ನಂಥ ಕನ್ನಡ ಮಾಧ್ಯಮದವರಿಗೆ ಕಾನೂನಿನ ಇಂಗ್ಲಿಷು ಎರಡು ಸಲ ಓದಿದ ಮೇಲೇ ತಲೆಗೆ ಹತ್ತೋದು.) ಅತ್ತ ನರ್ಸುಗಳು, ಡಾಕ್ಟರುಗಳು, ಅರುಣಾ ಬದುಕಿರಲಿ ಎಂದರು.

2011ರ ಮಾರ್ಚ್ 7ರಂದು ತೀರ್ಪು ಬಂತು. ವಿಷದ ಇಂಜೆಕ್ಷನ್ ಕೊಟ್ಟು ಕೊಲ್ಲುವುದು ಅಪರಾಧವೇ. ಆದರೆ ಚೇತರಿಕೆಯ ಆಸೆಯೇ ಇಲ್ಲದವರಿಗೆ ಜೀವ ಹಿಡಿದಿಡುವ ಚಿಕಿತ್ಸೆಯನ್ನು ಹೈಕೋರ್ಟಿನ ಅನುಮತಿ ಪಡೆದು ನಿಲ್ಲಿಸಬಹುದು ಎಂದಿತು. ಹೈಕೋರ್ಟು ಯಾಕೆ? ಆಸ್ತಿಯ ಆಸೆಗೆ ಸಂಬಂಧಿಕರೇ ಡಾಕ್ಟರನ್ನು ಸೇರಿಸಿಕೊಂಡು ಮುಗಿಸಿಬಿಟ್ಟಾರು ಎಂಬ ಭಯ. ವಿರಾನಿಯವರ ಅರ್ಜಿ ವಜಾ ಆಯ್ತು. ಅರುಣಾಗೆ ನಿಜವಾದ ನೆಕ್ಸ್ಟ್ ಫ್ರೆಂಡ್ ಕೆ.ಇ.ಎಂ. ಸಿಬ್ಬಂದಿಯೇ ಎಂದಿತು ಕೋರ್ಟು. ವಿರಾನಿಯವರ ಕರುಣೆಯನ್ನು ನಾನು ಸಂಶಯಿಸೋದಿಲ್ಲ. ಆದರೂ ಮಗ್ಗುಲು ಬದಲಾಯಿಸಿದ ಕೈಗಳಿಗೆ ಮೊದಲ ಮಾತು ಎಂದದ್ದು ಸರಿಯೆನಿಸುತ್ತದೆ. ಅರುಣಾ 2015ರ ಮೇ 18ರಂದು ನ್ಯೂಮೋನಿಯಾದಿಂದ ತೀರಿಕೊಂಡರು.

2018ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಇನ್ನೊಂದು ದಾರಿ ತೆರೆಯಿತು. ಪ್ರಾಯಕ್ಕೆ ಬಂದವರು ಯಾರೇ ಆಗಲಿ, ಬುದ್ಧಿ ನೆಟ್ಟಗಿರುವಾಗಲೇ, 'ಮುಂದೆ ನನಗೆ ಹೀಗಾದರೆ ಇಂಥ ಚಿಕಿತ್ಸೆ ಬೇಡ, ನನ್ನ ಪರವಾಗಿ ಇಂಥವರು ಹೇಳಲಿ' ಎಂದು ಬರೆದಿಡಬಹುದು. 2023ರ ತಿದ್ದುಪಡಿಯಿಂದ ಇಬ್ಬರು ಸಾಕ್ಷಿಗಳು, ಒಬ್ಬ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಇದ್ದರೆ ಸಾಕು. ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಇದನ್ನು ಜಾರಿಗೊಳಿಸುವ ಆದೇಶ ಹೊರಡಿಸಿತು.

ಆದರೆ ಈ ಕಾಗದ ಯಾರ ಟ್ರಂಕಿನಲ್ಲಿದೆ? ಮನೆಯವರು 'ಸಾಕು ಡಾಕ್ಟ್ರೇ' ಅನ್ನುವಾಗ ಅದು ರೋಗಿಯ ಇಚ್ಛೆಯೋ, ಕೌಂಟರಿನ ಬಿಲ್ಲಿನ ಭಯವೋ ಹೇಗೆ ತಿಳಿಯುವುದು? ಇನ್ನು ನಮ್ಮ ಹೋಟೆಲ್ ಹುಡುಗರು. ಅಪಘಾತವಾದರೆ ಊರಿನ ಅಪ್ಪ ರೈಲು ಹತ್ತಿ ಬರುವವರೆಗೂ ಅವನ ಹತ್ತಿರ ಇರೋದು ಒಂದೇ ಖೋಲಿಯಲ್ಲಿ ಮಲಗುವ ಗೆಳೆಯ. ಅವನಿಗೇನು ಕಾಯಿಲೆಯಿತ್ತು, ಯಾವ ಔಷಧ ಒಗ್ಗದು ಅಂತ ಗೊತ್ತಿರೋದೂ ಆ ಗೆಳೆಯನಿಗೇ. ಆದರೆ ಫಾರಂನಲ್ಲಿ 'ರೋಗಿಗೆ ಏನಾಗಬೇಕು?' ಎಂಬ ಜಾಗದಲ್ಲಿ ಅವನು ಏನೆಂದು ಬರೆಯಬೇಕು?