ಬರ್ಡ್ಸ್‌ವಿಲ್ ಹಾದಿಯ ಸಂಸಾರಯಾತ್ರೆ

ದಕ್ಷಿಣ ಆಸ್ಟ್ರೇಲಿಯಾದ ಮರ್ರೀ ಗ್ರಾಮದಿಂದ ಕ್ವೀನ್ಸ್‌ಲೆಂಡಿನ ಬರ್ಡ್ಸ್‌ವಿಲ್‌ವರೆಗೆ, ಮರುಭೂಮಿಗಳ ನಡುವೆ ಸುಮಾರು 517 ಕಿಲೋಮೀಟರುಗಳ ಕಚ್ಚಾ ರಸ್ತೆಯೊಂದುಂಟು. ಹಿಂದೆ ದನದ ಮಂದೆಗಳು ಸಾಗುತ್ತಿದ್ದ ಈ ಹಾದಿಯಲ್ಲಿ ಇಂದು ಸಂಸಾರಗಳು ವಿಹಾರ ಹೊರಡುತ್ತವೆ. ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲವಿರುವ ಗಾಡಿ ಮುಂದೆ; ಅಡಿಗೆ, ನಿದ್ರೆಗಳಿಗೆ ಎಡೆಯಿರುವ ಕ್ಯಾರವಾನ್ ಎಂಬ ಚಲಿಸುವ ಮನೆ ಅದರ ಹಿಂದೆ.

ಆದರೆ ಚೂಪುಗಲ್ಲುಗಳು ಟೈರನ್ನು ಸೀಳುತ್ತವೆ. ಮಳೆ ಸುರಿದರೆ ರಸ್ತೆಯೇ ಮುಚ್ಚುತ್ತದೆ. 1963ರ ಡಿಸೆಂಬರಿನಲ್ಲಿ ಐವರ ಕುಟುಂಬವೊಂದು ಇಲ್ಲಿ ದಾರಿ ತಪ್ಪಿತು. ಪೆಟ್ರೋಲು ಮುಗಿಯಿತು. ಕಾರನ್ನು ಬಿಟ್ಟು ನಡೆದ ಐವರೂ ಉರಿಬಿಸಿಲಿನಲ್ಲಿ ನೀರಿಲ್ಲದೆ ಪ್ರಾಣ ಬಿಟ್ಟರು.

ಹುಡುಕುವವರ ಕಣ್ಣಿಗೆ ನಡೆಯುವವರಿಗಿಂತ ವಾಹನವೇ ಬೇಗ ಬೀಳುತ್ತದೆ. ಆದುದರಿಂದ ಅನುಭವಿಗಳು ಸಾಕಷ್ಟು ನೀರು ಹೊತ್ತು, ತಲುಪುವ ದಿನವನ್ನು ಬಂಧುಗಳಿಗೆ ತಿಳಿಸಿಯೇ ಹೊರಡುವರು. ಗಾಡಿ ಕೆಟ್ಟರೆ ಅದರ ನೆರಳಿನಲ್ಲಿಯೇ ಕಾಯುವರು.